ಗಾಳಕ್ಕೆ ಬಿದ್ದ ಮೀನು ಯಾವುದು?

(ಸಂಘದ ರಜಾ ದಿನದ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ಪ್ರಾವಿಡೆಂಟ್ ಫಂಡು ಇವೆಲ್ಲವನ್ನೂ ಬಿಟ್ಟು ಸಂಘದ ಸಭೆಯಲ್ಲಿ ಮೀನಿನ ಮಾತೇಕೆ ಎಂದು ಕೆಲವರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಹೇಳಿ ಮುಂದೆ ಹೋಗುತ್ತೇನೆ.

ವಾರದ ರಜೆ ನಮಗೆ ಯಾರೂ ದಾನವಾಗಿ ಕೊಟ್ಟದ್ದಲ್ಲ. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾನೂನಿನಲ್ಲಿ ಹೋಟೆಲು ಕೆಲಸಗಾರನಿಗೂ ವಾರಕ್ಕೊಂದು ದಿನ ಬಿಡುವು ಎಂದು ಬರೆಯಲಾಯಿತು. 2017ರಲ್ಲಿ ಮಹಾರಾಷ್ಟ್ರ ಸರಕಾರ ಹೊಸ ಕಾನೂನು ತಂದಾಗಲೂ ವಾರಕ್ಕೆ ಸತತ 24 ಗಂಟೆಗಳ ಬಿಡುವು ಅದರಲ್ಲಿ ಉಳಿಯಿತು. ಈ ದಿನ ನಮ್ಮದು. ಅದನ್ನು ಮಲಗಿ ಕಳೆಯಬಹುದು, ಬಟ್ಟೆ ಒಗೆದು ಕಳೆಯಬಹುದು. ಈಚೆಗೆ ನಮ್ಮ ಹುಡುಗರಲ್ಲಿ ಹಲವರು ಗಾಳದ ಕೋಲು ಹಿಡಿದು ಕೆರೆಯ ಕಡೆಗೆ ಹೊರಡುತ್ತಿದ್ದಾರೆ. ಒಳ್ಳೆಯದೇ ಆಯಿತು. ಆರು ದಿನ ಬೆಂಕಿಯ ಮುಂದೆ ನಿಂತವನು ಏಳನೆಯ ದಿನ ನೀರಿನ ಮುಂದೆ ಕುಳಿತರೆ ಅವನ ಕಣ್ಣಿಗೂ ಮನಸ್ಸಿಗೂ ತಂಪು.

ಆದರೆ ಕಳೆದ ಮಳೆಗಾಲದಲ್ಲಿ ಏನಾಯಿತೆಂದು ಕೇಳಿರಿ. ದೋಸೆ ಹುಯ್ಯುವ ನಮ್ಮ ಹುಡುಗನೊಬ್ಬ ಗಾಳಕ್ಕೆ ಬಿದ್ದ ಕಪ್ಪು ಮೀನೊಂದನ್ನು ಬರಿಗೈಯಲ್ಲಿ ಗಟ್ಟಿಯಾಗಿ ಹಿಡಿದ. ಅದು ಚೇಳು ಮೀನು. ಮುಳ್ಳು ಅಂಗೈಗೆ ಇಳಿಯಿತು. ಕೈ ಮೊಣಕೈವರೆಗೆ ಬಾತುಕೊಂಡಿತು. ಎಂಟು ದಿನ ಸಟ್ಟುಗ ಹಿಡಿಯಲಾಗಲಿಲ್ಲ. ಮಾಲಿಕರು ಎಂಟು ದಿನದ ಸಂಬಳ ಕಡಿದರು. ಆ ಸಂಬಳಕ್ಕಾಗಿ ನಾವು ಮಾತಾಡಿದೆವು, ಅದು ಬೇರೆ ವಿಷಯ. ಆದರೆ ಮೀನಿನ ಗುರುತು ತಿಳಿದಿದ್ದರೆ ಆ ಎಂಟು ದಿನ ಹೋಗುತ್ತಲೇ ಇರಲಿಲ್ಲ. ನಮಗೆ ಹೊಲವಿಲ್ಲ, ಅಂಗಡಿಯಿಲ್ಲ. ಕೈಯೇ ನಮ್ಮ ಬಂಡವಾಳ. ಆದುದರಿಂದ ಕೈಗೆ ಬರುವ ಮೀನು ಯಾವುದೆಂದು ತಿಳಿಯುವುದು ಸಂಘದ ಕೆಲಸವೇ ಸರಿ.

ಹೆಸರನ್ನು ನಂಬಬೇಡಿರಿ

ನಮ್ಮಲ್ಲಿ ಕರಾವಳಿಯವರು ಹೆಚ್ಚು. ಬಂಗುಡೆ, ಬೂತಾಯಿ, ಅಂಜಲು ಎಂದರೆ ಕಣ್ಣು ಮುಚ್ಚಿಯೂ ಹೇಳುವಿರಿ. ಆದರೆ ಅವು ಉಪ್ಪು ನೀರಿನವು. ಕೆರೆಯ ಮೀನಿನ ಮುಂದೆ ನಮ್ಮ ಜಾಣತನ ನಡೆಯದು. ಘಟ್ಟದ ಮೇಲಿನವರು, ಕೃಷ್ಣಾ ಭೀಮಾ ತೀರದವರು ಕೆರೆ ಹೊಳೆಯ ಮೀನು ಬಲ್ಲರು, ಆದರೆ ಅವರ ಊರಿನ ಹೆಸರು ಇಲ್ಲಿಯ ಮರಾಠಿ ಮೀನುಗಾರ್ತಿಗೆ ತಿಳಿಯದು. ನಾವು ಕೊರವ ಎನ್ನುವುದನ್ನು ಅವಳು ಮರಳ ಎನ್ನುತ್ತಾಳೆ. ನಮ್ಮ ಊರ ಕಡೆ ಜಿಲೇಬಿ ಎನ್ನುವುದು ಇಲ್ಲಿ ಚಿಲಾಪಿ. ಹೆಸರಿನ ಮೇಲೆ ವಾದ ಮಾಡಿದರೆ ಸಂಜೆಯವರೆಗೆ ಮುಗಿಯದು. ಮೀನಿನ ಮೈ ನೋಡಿರಿ, ಅದು ಸುಳ್ಳು ಹೇಳುವುದಿಲ್ಲ.

ಇನ್ನೊಂದು ಮಾತು. ಇದು ದೊಡ್ಡ ವಿದ್ವಾಂಸರ ವಿದ್ಯೆ, ನಮಗೆ ಹತ್ತದು ಎಂದು ಹೆದರಬೇಡಿರಿ. 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳಲ್ಲಿ ತಿರುಗಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಎಂಬಾತನ ಹೆಸರನ್ನು ಕೆಲವರು ಕೇಳಿರಬಹುದು. ಅದೇ ಬುಕಾನನ್ 1822ರಲ್ಲಿ ಗಂಗಾ ನದಿಯ ಮೀನುಗಳ ಮೇಲೆ ಪುಸ್ತಕ ಪ್ರಕಟಿಸಿದ. ರೋಹು, ಕಾಟ್ಲಾ, ಮೃಗಾಲ್ ಈ ಮೂರಕ್ಕೂ ಶಾಸ್ತ್ರದ ಹೆಸರಿಟ್ಟವನು ಅವನೇ. ಆ ಹೆಸರುಗಳು ಯಾವುವು? ರೋಹಿತ, ಕತ್ಲ, ಮೃಗಾಲ ಎಂದು ಆ ಕಡೆಯ ಜನರ ಬಾಯಲ್ಲಿದ್ದ ಹೆಸರುಗಳೇ. ಬಲೆ ಹಾಕುವವನ ಮಾತು ಲೋಕದ ಪುಸ್ತಕಗಳನ್ನೆಲ್ಲ ಸೇರಿತು. ಗಾಳದ ಆಟಕ್ಕೂ ನಮ್ಮ ನಾಡಿಗೂ ಹಳೆಯ ಸಂಬಂಧವಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ ಎಂಬಾತ ಭಾರತದಲ್ಲಿ ಗಾಳ ಹಾಕುವುದರ ಮೇಲೆ ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಅಂದು ಅದು ಸಾಹೇಬರ ಆಟ. ಇಂದು ನಾವೂ ಆಡೋಣ, ಆದರೆ ತಿಳಿದು ಆಡೋಣ.

ನಾಲ್ಕು ಪ್ರಶ್ನೆಗಳು

ಮೀನು ದಡಕ್ಕೆ ಬಂದ ಕೂಡಲೇ ಕೈ ಹಾಕಬೇಡಿರಿ. ಮೊದಲು ನಾಲ್ಕು ಪ್ರಶ್ನೆ ಕೇಳಿರಿ.

ಒಂದು, ಮೈಮೇಲೆ ಹುರುಪೆ ಇದೆಯೇ, ಇಲ್ಲವೇ?

ಎರಡು, ಬಾಯ ಸುತ್ತ ಮೀಸೆ ಇದೆಯೇ? ಇದ್ದರೆ ಎಷ್ಟು ಜೊತೆ?

ಮೂರು, ಬಾಯಿ ಮೇಲಕ್ಕೆ ತೆರೆಯುತ್ತದೆಯೋ, ಮುಂದಕ್ಕೋ, ಕೆಳಕ್ಕೋ?

ನಾಲ್ಕು, ಬೆನ್ನಿನ ರೆಕ್ಕೆ ಗಿಡ್ಡವೋ ಉದ್ದವೋ? ಅದರಲ್ಲಿ ಮುಳ್ಳಿದೆಯೇ?

ಈ ನಾಲ್ಕರಲ್ಲಿ ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿ ಸಿಗುವ ಮೀನುಗಳ ಗುರುತು ಹತ್ತುತ್ತದೆ. ಬಣ್ಣವನ್ನು ಕೊನೆಗೆ ನೋಡಿರಿ. ಕೆಸರು ನೀರಿನ ಮೀನು ಮಂಕಾಗಿರುತ್ತದೆ, ತಿಳಿ ನೀರಿನದು ಹೊಳೆಯುತ್ತದೆ. ಜಾತಿ ಒಂದೇ.

ಗೆಂಡೆ ಮೀನುಗಳು

ಹುರುಪೆ ಇದೆ, ಬಾಯಲ್ಲಿ ಹಲ್ಲಿಲ್ಲ, ತಲೆಯ ಮೇಲೆ ಹುರುಪೆ ಇಲ್ಲ ಎಂದರೆ ಅದು ಗೆಂಡೆಯ ಕುಲ. ಇದರಲ್ಲಿ ಮೊದಲು ಮೂರು ಅಣ್ಣತಮ್ಮಂದಿರನ್ನು ಕಲಿಯಿರಿ.

ಕಾಟ್ಲಾ: ತಲೆ ದೊಡ್ಡದು, ಮೈಗೆ ಹೋಲಿಸಿದರೆ ಮಿತಿಮೀರಿ ದೊಡ್ಡದು. ಕೆಳದವಡೆ ಮುಂದೆ ಚಾಚಿರುತ್ತದೆ, ಬಾಯಿ ಮೇಲಕ್ಕೆ ತೆರೆಯುತ್ತದೆ. ಮೀಸೆ ಇಲ್ಲ. ಬಾಯಿ ಹೀಗೇಕೆ? ಇದು ನೀರಿನ ಮೇಲ್ಭಾಗದಲ್ಲಿ ತೇಲುವ ಸಣ್ಣ ಜೀವಿಗಳನ್ನು ತಿನ್ನುವ ಮೀನು. ಕೆಳಗಿನಿಂದ ಬಂದು ಮೇಲಿನದನ್ನು ಬಾಚುತ್ತದೆ.

ರೋಹು: ತಲೆ ಚಿಕ್ಕದು, ಮೈ ನೀಳ. ಕೆಳತುಟಿ ದಪ್ಪ, ಅದರ ಅಂಚು ಜಾಲರಿಯಂತೆ ಸೀಳುಸೀಳಾಗಿರುತ್ತದೆ. ಹುರುಪೆಗಳಲ್ಲಿ ಕೆಂಪು ಛಾಯೆ ಇರುತ್ತದೆ. ಒಂದು ಜೊತೆ ಕಿರುಮೀಸೆ ತುಟಿಯ ಮಡಿಕೆಯಲ್ಲಿ ಅಡಗಿರುವುದರಿಂದ ಹುಡುಕಿದರೆ ಮಾತ್ರ ಕಾಣುತ್ತದೆ. ಇದು ನಡುನೀರಿನ ಮೀನು.

ಮೃಗಾಲ್: ಮೂವರಲ್ಲಿ ಇದೇ ಸಪೂರ, ಬೆಳ್ಳಿಯ ಬಣ್ಣ. ಬಾಯಿ ಅಗಲ, ಕೆಳಮುಖ. ತುಟಿಗೆ ಜಾಲರಿ ಇಲ್ಲ. ಇದು ತಳದ ಕೆಸರಿನಲ್ಲಿ ಕೊಳೆತದ್ದನ್ನು ತಿನ್ನುವ ಮೀನು.

ನೆನಪಿಡಲು ಸುಲಭ. ಬಾಯಿ ಮೇಲಾದರೆ ಮೇಲಿನ ಮಹಡಿ, ಬಾಯಿ ಮುಂದಾದರೆ ನಡುವಿನ ಮಹಡಿ, ಬಾಯಿ ಕೆಳಗಾದರೆ ನೆಲಮಹಡಿ. ಒಂದೇ ಚಾಳಿನಲ್ಲಿ ಮೂರು ಸಂಸಾರ, ಒಬ್ಬರ ಊಟಕ್ಕೆ ಇನ್ನೊಬ್ಬರು ಕೈ ಹಾಕುವುದು ಕಡಿಮೆ. ಅದಕ್ಕಾಗಿಯೇ ಸಾಕುವವರು ಈ ಮೂರನ್ನೂ ಒಂದೇ ಕೆರೆಗೆ ಬಿಡುತ್ತಾರೆ. ನಿಮ್ಮ ಎರೆ ಎಷ್ಟು ಆಳದಲ್ಲಿ ನಿಲ್ಲಬೇಕು ಎಂಬುದೂ ಇದರಿಂದಲೇ ತಿಳಿಯಿತು.

ಈ ಮೂರು ಮಳೆಗಾಲದ ಹೊಸನೀರಿನಲ್ಲಿ, ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುವ ಮೀನುಗಳು. ನಿಂತ ಕೆರೆಯಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಡಾ. ಹೀರಾಲಾಲ್ ಚೌಧುರಿ ಮತ್ತು ಡಾ. ಕೆ. ಎಚ್. ಆಲಿಕುಂಞಿ ಇವರು ಒಡಿಶಾದಲ್ಲಿ ಚುಚ್ಚುಮದ್ದು ಕೊಟ್ಟು ಗೆಂಡೆಗಳಿಂದ ಮೊಟ್ಟೆ ಇಡಿಸುವುದರಲ್ಲಿ ಜಯ ಪಡೆದರು. ಜುಲೈ 10 ಇಂದು ದೇಶದಲ್ಲಿ ಮೀನು ಕೃಷಿಕರ ದಿನ. ಕೆರೆಯಲ್ಲಿ ಯಾರೋ ತಂದು ಬಿಟ್ಟ ಮರಿಯೇ ಬೆಳೆದು ನಿಮ್ಮ ಗಾಳಕ್ಕೆ ಬರುತ್ತದೆ ಎಂಬುದನ್ನು ಮರೆಯಬೇಡಿರಿ. ಗೇಣುದ್ದದ ಮರಿಯನ್ನು ಚೀಲಕ್ಕೆ ಹಾಕುವವನು ಬರುವ ವರುಷದ ತನ್ನ ಮೀನನ್ನೇ ತಿಂದ ಹಾಗೆ.

ಇನ್ನು ಹೊರಗಿನಿಂದ ಬಂದ ಗೆಂಡೆಗಳು. ಸಾಮಾನ್ಯ ಗೆಂಡೆಗೆ ಎರಡು ಜೊತೆ ಮೀಸೆ, ಬೆನ್ನಿನ ರೆಕ್ಕೆ ಉದ್ದ, ಅದರ ಮೊದಲ ಮುಳ್ಳು ಗರಗಸದ ಹಾಗೆ. ಇದು 1939ರಲ್ಲಿ ಸಿಂಹಳದಿಂದ ನೀಲಗಿರಿಗೆ, 1957ರಲ್ಲಿ ಬ್ಯಾಂಕಾಕಿನಿಂದ ಮತ್ತೆ ನಮ್ಮ ದೇಶಕ್ಕೆ ಬಂದಿತು. ಹುಲ್ಲುಗೆಂಡೆ ಮತ್ತು ಬೆಳ್ಳಿಗೆಂಡೆ 1959ರಲ್ಲಿ ಬಂದವು. ಹುಲ್ಲುಗೆಂಡೆಯ ಮೈ ಉರುಟು, ಮೀಸೆ ಇಲ್ಲ, ನೀರಿನ ಕಳೆ ಮೇಯುತ್ತದೆ. ಬೆಳ್ಳಿಗೆಂಡೆಯ ಹುರುಪೆ ತೀರ ಸಣ್ಣ, ಕಣ್ಣು ಬಾಯಿಗಿಂತಲೂ ಕೆಳಗೆ ಇಳಿದಂತಿರುತ್ತದೆ, ಗಂಟಲಿನಿಂದ ಹೊಟ್ಟೆಯುದ್ದಕ್ಕೂ ಚೂಪಾದ ಏಣು. ಇದು ನೀರನ್ನು ಸೋಸಿ ತಿನ್ನುವ ಮೀನಾದ್ದರಿಂದ ಗಾಳಕ್ಕೆ ಬೀಳುವುದು ಅಪರೂಪ.

ದೇವರ ಮೀನು

ಎರಡು ಜೊತೆ ಮೀಸೆ ಇದೆ, ಆದರೆ ಬೆನ್ನಿನ ರೆಕ್ಕೆ ಗಿಡ್ಡ. ತುಟಿ ದಪ್ಪ. ಹುರುಪೆ ಎಂಟಾಣೆಯ ನಾಣ್ಯದಂತೆ ದೊಡ್ಡವು. ಕಿವಿರಿನಿಂದ ಬಾಲದವರೆಗೆ ಮೈಯ ನಡುಗೆರೆಯ ಮೇಲೆ ಎಣಿಸಿದರೆ 25ರ ಆಸುಪಾಸು. ರೋಹುವಿನಲ್ಲಿ ಎಣಿಸಿದರೆ 40ರ ಹತ್ತಿರ ಬರುತ್ತವೆ. ಇಂಥ ಮೀನು ಕಂಡರೆ ಅದು ಮಹಶೀರ್. ಪುಣೆ, ಲೋಣಾವಳಾ ಕಡೆಯ ಘಟ್ಟದ ನೀರಿಗೆ ಹೋಗುವವರಿಗೆ ಇದು ಸಿಕ್ಕಬಹುದು. ಲೋಣಾವಳಾದ ಟಾಟಾ ವಿದ್ಯುತ್ ಕಂಪನಿಯ ಕೆರೆಯ ದಡದಲ್ಲಿ 1970ರ ದಶಕದಿಂದ ಇದರ ಮರಿ ಮಾಡಿಸುವ ಕೆಲಸ ನಡೆದು, ಲಕ್ಷಗಟ್ಟಲೆ ಮರಿ ಬೇರೆ ಬೇರೆ ನೀರುಗಳಿಗೆ ಹೋಗಿವೆ.

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ನೀವು ಅಕ್ಕಿ, ಪುರಿ ಹಾಕಿ ಕೈಮುಗಿದದ್ದು ಈ ಕುಲಕ್ಕೇ. ಅಲ್ಲಿ ಗಾಳ ಹಾಕುವವನಿಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿದೆ ಎಂದು ಅಂತರರಾಷ್ಟ್ರೀಯ ಸಂಸ್ಥೆಯವರು 2018ರಲ್ಲಿ ಪಟ್ಟಿಗೆ ಸೇರಿಸಿದರು. ಊರಿನಲ್ಲಿ ದೇವರೆಂದವರು ಇಲ್ಲಿ ಸಾರಿಗೆ ಹಾಕಬಾರದು. ಕೈ ಒದ್ದೆ ಮಾಡಿಕೊಂಡು, ನೀರಿನಲ್ಲಿಯೇ ಹಿಡಿದು, ಕೊಕ್ಕೆ ಬಿಡಿಸಿ, ಅದೇ ನೀರಿಗೆ ಬಿಟ್ಟುಬಿಡಿರಿ. ಒಣಗೈಯಲ್ಲಿ ಹಿಡಿದರೆ ಮೈಯ ಲೋಳೆ ಹೋಗಿ ಬಿಟ್ಟ ಮೀನೂ ಉಳಿಯುವುದು ಕಷ್ಟ.

ಮೀಸೆಯ ಮೀನು, ಮುಳ್ಳಿನ ಮೀನು

ಹುರುಪೆ ಇಲ್ಲದೆ ಮೈ ನುಣ್ಣಗಿದ್ದು ಮೀಸೆ ಉದ್ದವಿದ್ದರೆ, ಅಲ್ಲಿಯೇ ನಿಲ್ಲಿರಿ. ಬರಿಗೈ ಹಾಕಬಾರದು.

ಚೇಳು ಮೀನು: ಮೈ ಕಪ್ಪು, ಚಪ್ಪಟೆ. ಮೀಸೆ ನಾಲ್ಕು ಜೊತೆ. ಬೆನ್ನಿನ ರೆಕ್ಕೆ ಉಗುರಿನಷ್ಟು ಚಿಕ್ಕದು, ಹೊಟ್ಟೆಯಡಿಯ ರೆಕ್ಕೆ ಮಾತ್ರ ಬಾಲದವರೆಗೆ ಉದ್ದ. ಎದೆಯ ಎರಡು ಕಡೆಯ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ತಡೆಯಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಕೈಯನ್ನು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಇಡಬೇಕು. ಈ ವಿಷ ಬಿಸಿಗೆ ಕೆಡುತ್ತದೆ, ನೋವು ಇಳಿಯುತ್ತದೆ. ನೋಯುವ ಕೈಗೆ ಬಿಸಿಯ ಅಂದಾಜು ಸಿಗದು, ಆದ್ದರಿಂದ ನೀರನ್ನು ಇನ್ನೊಂದು ಕೈಯಿಂದ ಪರೀಕ್ಷಿಸಿರಿ, ಸುಟ್ಟುಕೊಳ್ಳಬೇಡಿರಿ. ಆಮೇಲೆ ಡಾಕ್ಟರರ ಬಳಿ ಹೋಗಿ ಧನುರ್ವಾಯುವಿನ ಇಂಜೆಕ್ಷನ್ನಿನ ವಿಚಾರ ಕೇಳಿರಿ. ನಾಚಿಕೆಯಿಂದ ಅಡಗಿಸಿಟ್ಟು ಮಾರನೆಯ ದಿನ ಕೆಲಸಕ್ಕೆ ನಿಂತರೆ ಗಾಯ ಕೀವಾಗುತ್ತದೆ.

ಮಾಗೂರ್: ಇದಕ್ಕೂ ನಾಲ್ಕು ಜೊತೆ ಮೀಸೆ, ಎದೆಯಲ್ಲಿ ಮುಳ್ಳು. ಆದರೆ ಬೆನ್ನಿನ ರೆಕ್ಕೆ ತಲೆಯ ಹಿಂದಿನಿಂದ ಬಾಲದ ಹತ್ತಿರದವರೆಗೆ ಉದ್ದ. ಚೇಳು ಮೀನಿಗೂ ಇದಕ್ಕೂ ಇದೇ ದೊಡ್ಡ ಭೇದ. ಎರಡೂ ಹೊರಗಿನ ಗಾಳಿ ಕುಡಿಯಬಲ್ಲವು, ನೀರಿಲ್ಲದೆ ಗಂಟೆಗಟ್ಟಲೆ ಬದುಕುತ್ತವೆ.

ಇಲ್ಲೊಂದು ಮೋಸವಿದೆ. ಮಾಗೂರ್ ಎಂಬ ಹೆಸರಿನಲ್ಲಿ ಪೇಟೆಗೆ ಬರುವುದು ಹಲವು ಸಲ ಆಫ್ರಿಕದ ಮೀನು. ಅದರ ತಲೆ ಉದ್ದವೂ ಅಗಲವೂ ಚಪ್ಪಟೆಯೂ ಆಗಿರುತ್ತದೆ, ಮೈಮೇಲೆ ಅಮೃತಶಿಲೆಯಂಥ ಮಚ್ಚೆ. ನಮ್ಮ ದೇಶದ ಮಾಗೂರ್ ಚಿಕ್ಕದು. ಒಂದು ಕಿಲೋ ಮೀರಿದ್ದು ಕಂಡರೆ ಆಫ್ರಿಕದ್ದೆಂದೇ ಶಂಕಿಸಿರಿ. ಇದರ ಸಾಕಣೆಯನ್ನು ಕೇಂದ್ರ ಸರಕಾರ 2000ದಲ್ಲಿ ನಿಷೇಧಿಸಿತು, 2019ರಲ್ಲಿ ಹಸಿರು ನ್ಯಾಯಮಂಡಳಿಯೂ ಅದನ್ನು ಎತ್ತಿಹಿಡಿಯಿತು. ಕಾರಣ, ಇದು ಕೆರೆಯ ಇತರ ಮೀನುಗಳನ್ನೆಲ್ಲ ತಿಂದು ಮುಗಿಸುತ್ತದೆ. ಕಸಾಯಿಖಾನೆಯ ಕೊಳೆತ ಮಾಂಸ ಹಾಕಿ ಇದನ್ನು ಬೆಳೆಸುವವರೂ ಇದ್ದಾರೆ. ಗಾಳಕ್ಕೆ ಬಿದ್ದರೆ ಪಾಪವೆಂದು ಕರುಣೆಪಟ್ಟು ಇನ್ನೊಂದು ಕೆರೆಗೆ ಬಿಡಬೇಡಿರಿ. ಈ ಒಂದು ಕರುಣೆ ಸಾವಿರ ಮೀನಿಗೆ ಕೊಲೆ.

ಶಿಂಗಾಳ: ಬೆನ್ನಿನ ಮೇಲೆ ಎರಡು ರೆಕ್ಕೆ. ಮೊದಲನೆಯದರಲ್ಲಿ ಗಟ್ಟಿ ಮುಳ್ಳು, ಹಿಂದಿನದು ಬರಿಯ ಮಾಂಸದ ಮಡಿಕೆ. ಮೀಸೆ ಬಹಳ ಉದ್ದ.

ಬಾಳೆ ಮೀನು: ಬಾಯಿ ಕಣ್ಣಿನಾಚೆಗೂ ಸೀಳಿರುತ್ತದೆ, ಒಳಗೆ ಸಾಲು ಸಾಲು ಹಲ್ಲು. ಮೀಸೆ ಎರಡು ಜೊತೆ. ಹೊಟ್ಟೆಯಡಿಯ ರೆಕ್ಕೆ ತುಂಬ ಉದ್ದ. ಕೊಕ್ಕೆ ಬಿಡಿಸಲು ಬಾಯೊಳಗೆ ಬೆರಳು ಹಾಕಬೇಡಿರಿ, ಇಕ್ಕಳ ಉಪಯೋಗಿಸಿರಿ. ಇದರ ಸಂಖ್ಯೆಯೂ ಇಳಿಯುತ್ತಿದೆ.

ಹೋಟೆಲಿನವರಿಗೆ ಇನ್ನೊಂದು ಗುರುತು ಹೇಳಬೇಕು. ಬಾಸಾ ಎಂದು ಮುಳ್ಳಿಲ್ಲದ ಬಿಳಿ ತುಂಡು ನಮ್ಮ ಅಡಿಗೆಮನೆಗೆ ಬರುತ್ತದಲ್ಲ, ಅದೂ ಈ ಮೀಸೆಯ ಕುಲದ, ಸಿಹಿನೀರಿನ ಸಾಕು ಮೀನೇ. ವಿಯೆಟ್ನಾಮಿನಲ್ಲಿಯೂ ನಮ್ಮ ಆಂಧ್ರದಲ್ಲಿಯೂ ಇದರ ಜಾತಿಯನ್ನು ಬೆಳೆಸುತ್ತಾರೆ. ಗಿರಾಕಿ ಕೇಳಿದರೆ ಕಡಲ ಮೀನೆಂದು ಹೇಳಬೇಡಿರಿ.

ಕೊರವ ಮತ್ತು ಜಿಲೇಬಿ

ಹುರುಪೆ ತಲೆಯ ಮೇಲೂ ಇದೆ, ತಲೆ ಹಾವಿನದರಂತೆ, ಬೆನ್ನಿನ ರೆಕ್ಕೆ ಉದ್ದ ಆದರೆ ಮುಳ್ಳಿಲ್ಲ, ಬಾಯಲ್ಲಿ ಹಲ್ಲು. ಇದು ಕೊರವ, ಇಲ್ಲಿಯ ಮರಳ. ಇದೂ ಮೇಲೆ ಬಂದು ಗಾಳಿ ಕುಡಿಯುವ ಮೀನು. ದೊಡ್ಡ ಜಾತಿಯ ಕೊರವದಲ್ಲಿ ಬಾಲದ ಬುಡದ ಹತ್ತಿರ ಕಣ್ಣಿನಂಥ ಕಪ್ಪು ಬೊಟ್ಟು ಕಾಣುವುದುಂಟು.

ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಕಿತ್ತಳೆ ಬಣ್ಣದ ಸಣ್ಣ ಮರಿಗಳ ಗುಂಪೊಂದು ಚೆಂಡಿನಂತೆ ಉರುಳುತ್ತ ಹೋಗುವುದನ್ನು ನೋಡಿದ್ದೀರಾ? ಅದರ ಕೆಳಗೆ ತಾಯಿತಂದೆ ಕೊರವ ಕಾವಲಿರುತ್ತವೆ. ಆ ಹೊತ್ತಿನಲ್ಲಿ ಎದುರಿಗೆ ಬಂದ ಏನನ್ನಾದರೂ ಅವು ಕಚ್ಚುತ್ತವೆ. ಅದನ್ನು ತಿಳಿದೇ ಕೆಲವರು ಅಲ್ಲಿಗೆ ಕಪ್ಪೆ ಕಟ್ಟಿ ಗಾಳ ಎಸೆಯುತ್ತಾರೆ. ಹಿಡಿಯುವುದು ಸುಲಭ, ಆದರೆ ಕಾವಲು ಹೋದ ಮೇಲೆ ಮರಿಗಳೆಲ್ಲ ಬೇರೆ ಮೀನುಗಳ ಪಾಲು. ಮಕ್ಕಳನ್ನು ಊರಲ್ಲಿ ಬಿಟ್ಟು ಇಲ್ಲಿ ದುಡಿಯುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮರಿಯ ಗುಂಪು ಕಂಡರೆ ಗಾಳ ಎತ್ತಿಬಿಡಿರಿ.

ಇನ್ನು ಜಿಲೇಬಿ. ಮೈ ಅಗಲ, ಬೆನ್ನಿನ ರೆಕ್ಕೆ ಉದ್ದ, ಮುಂಭಾಗದಲ್ಲಿ 15ರಿಂದ 17 ಚೂಪು ಮುಳ್ಳು. ಮೀಸೆ ಇಲ್ಲ. ಮೈಯ ನಡುಗೆರೆ ಒಂದೇ ಎಳೆಯಾಗಿರದೆ ಎರಡು ತುಂಡಾಗಿರುತ್ತದೆ. ಇದು 1952ರಲ್ಲಿ ನಮ್ಮ ದೇಶಕ್ಕೆ ತಂದ ಆಫ್ರಿಕದ ಮೀನು. ತಾಯಿ ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲಿ ಇಟ್ಟು ಕಾಪಾಡುತ್ತದೆ, ವರುಷದಲ್ಲಿ ಹಲವು ಸಲ ಮರಿ ಮಾಡುತ್ತದೆ. ಹಾಗಾಗಿ ಕೆರೆ ಕೆರೆಯಲ್ಲೂ ತುಂಬಿಕೊಂಡಿದೆ. ಹಿಡಿಯಬೇಕೆಂಬ ಆಸೆಯಿದ್ದರೆ ಇದನ್ನು ಹಿಡಿಯಿರಿ. ಕಡಿಮೆಯಾದರೆ ಕೆರೆಗೆ ನಷ್ಟವಿಲ್ಲ. ಹಿಡಿಯುವಾಗ ತಲೆಯ ಕಡೆಯಿಂದ ಹಿಂದಕ್ಕೆ ಸವರಿ ಮುಳ್ಳನ್ನು ಮಲಗಿಸಿಕೊಳ್ಳಿರಿ.

ನೀರನ್ನೂ ಗುರುತಿಸಿರಿ

ಮೀನು ಗುರುತಿಸಿದರೆ ಸಾಲದು, ನೀರನ್ನೂ ಗುರುತಿಸಬೇಕು. ಮುಂಬಯಿಯಲ್ಲಿ ವಿಹಾರ ಕೆರೆ 1860ರಲ್ಲಿ, ತುಲಸಿ ಕೆರೆ 1879ರಲ್ಲಿ ಆದವು. ಅವೆರಡೂ ಇಂದಿಗೂ ಕುಡಿಯುವ ನೀರು ಕೊಡುತ್ತವೆ. ಅತ್ತ ಗಾಳ ಹಿಡಿದು ಹೋಗಬೇಡಿರಿ. ಪವಾಯಿ ಕೆರೆ 1891ರಲ್ಲಿ ಕುಡಿಯುವ ನೀರಿಗೆಂದೇ ಕಟ್ಟಿದ್ದು, ಆದರೆ ಅದರ ನೀರು ಕುಡಿಯಲು ಆಗದೆ ಹೋಯಿತು. ಅಲ್ಲಿ ಗಾಳ ಹಾಕುವವರ ಸಂಘವಿದೆ, ಅದರ ಪರವಾನಗಿ ಕೇಳಿ ಪಡೆದು ಕೂರಿರಿ. ಕದ್ದು ಕೂತು ಕಾವಲುಗಾರನ ಕೈಯಲ್ಲಿ ಕೋಲು ಕಳೆದುಕೊಳ್ಳುವುದು ದುಡಿಯುವವನ ಮರ್ಯಾದೆಗೆ ಸಲ್ಲದು. ಪವಾಯಿಯಲ್ಲಿ ಮೊಸಳೆಗಳಿವೆ. ಮೊಣಕಾಲು ನೀರಿಗೂ ಇಳಿಯಬೇಡಿರಿ, ಕೊಕ್ಕೆ ಕಳೆಗೆ ಸಿಕ್ಕಿದರೆ ದಾರ ಕಡಿದುಬಿಡಿರಿ. ಕೊಕ್ಕೆಯ ಬೆಲೆ ಎಷ್ಟು, ನಿಮ್ಮ ಕಾಲಿನ ಬೆಲೆ ಎಷ್ಟು?

ಆ ಕೆರೆಗೆ ಬಹಳ ವರುಷಗಳಿಂದ ಸುತ್ತಲಿನ ಚರಂಡಿ ನೀರು ಸೇರಿದೆ. ಚರಂಡಿ ಬೀಳುವ ನೀರಿನ ಮೀನನ್ನು ಹಿಡಿದು ನೋಡಿ ಸಂತೋಷಪಡಿರಿ, ಮನೆಗೆ ತಂದು ಮಕ್ಕಳಿಗೆ ಬಡಿಸಬೇಡಿರಿ. ತಿನ್ನುವ ಮೀನಿಗೆ ಪೇಟೆ ಇದೆ. ಅಲ್ಲಿ ಕಣ್ಣು ತಿಳಿಯಾಗಿ ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಿಂದ ಒತ್ತಿದ ಕುಳಿ ಮೇಲೇಳಬೇಕು. ಇದು ನಿಮಗೆ ತಿಳಿದದ್ದೇ.

ಗಿರಣಿಯ ಹಿರಿಯರು ಇಲ್ಲಿ ಕುಳಿತಿದ್ದಾರೆ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಬಿಡುವು ಬೇಡವೆಂದರೂ ಅವರ ಮೇಲೆ ಬಿತ್ತು. ಬಟ್ಟೆಯ ಎಳೆ ಮುಟ್ಟಿ ನೂಲಿನ ನಂಬರು ಹೇಳುತ್ತಿದ್ದವರು ಅವರು. ಅಂಥ ಕಣ್ಣಿಗೆ ಮೀನಿನ ಹುರುಪೆ ಎಣಿಸುವುದು ಏನು ಮಹಾ? ಹುಡುಗರ ಸಂಗಡ ಅವರೂ ಬರಬೇಕು ಎಂದು ಕೇಳಿಕೊಳ್ಳುತ್ತೇನೆ. ನೀರಿನ ಬಳಿ ಒಬ್ಬನೇ ಹೋಗುವುದಕ್ಕಿಂತ ಇಬ್ಬರು ಹೋಗುವುದು ಮೇಲು, ಅನುಭವಸ್ಥರೊಬ್ಬರು ಜೊತೆಗಿದ್ದರೆ ಇನ್ನೂ ಮೇಲು.

ಕೊನೆಯದಾಗಿ ಒಂದು ಸೂಚನೆ. ಸಂಘದ ಕೋಣೆಯಲ್ಲಿ ನಾಳೆಯಿಂದ ಒಂದು ನೋಟುಬುಕ್ಕು ಇಡುತ್ತೇವೆ. ಯಾರು ಯಾವ ಕೆರೆಗೆ ಹೋದರು, ಏನು ಸಿಕ್ಕಿತು, ಮೀಸೆ ಎಷ್ಟು, ರೆಕ್ಕೆ ಹೇಗೆ, ಬಿಟ್ಟರೋ ತಂದರೋ, ಎರಡು ಸಾಲು ಬರೆಯಿರಿ. ನಿಮ್ಮ ಊರಿನಲ್ಲಿ ಆ ಮೀನಿಗೆ ಏನೆನ್ನುತ್ತಾರೆ ಎಂಬುದನ್ನೂ ಬರೆಯಿರಿ. ಕುಂದಾಪುರದವರದೊಂದು, ವಿಜಯಪುರದವರದೊಂದು, ಹಾಸನದವರದೊಂದು ಹೆಸರು ಸೇರಿದರೆ ನಮ್ಮದೇ ಒಂದು ಪಟ್ಟಿಯಾದೀತು. ಬರೆಯಲು ಬಾರದವರು ಹೇಳಿದರೆ ಬರೆದುಕೊಳ್ಳಲು ನಾನಿದ್ದೇನೆ. ಇನ್ನೊಂದು ಕೆಲಸವೂ ಇದೆ. ಯಾರಿಗೆ ವಾರದ ರಜೆಯೇ ಸಿಗುತ್ತಿಲ್ಲವೋ ಅವರು ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಹೆಸರನ್ನೂ ಹೋಟೆಲನ್ನೂ ಬರೆಯಿರಿ. ಅದನ್ನು ಸಂಘ ನೋಡಿಕೊಳ್ಳುತ್ತದೆ.